ಕಾಕಾ ನೋಡಿದ ಹಿಮ

ನಮ್ಮ ಕಾಕಾ ಹಿಮ ನೋಡಿ ಬಂದದ್ದು ಎಂಬತ್ತರ ದಶಕದಲ್ಲಿ ಒಂದೇ ಸಲ. ಅದನ್ನು ನಾವು ನೋಡಬೇಕಾಗಿ ಬಂದದ್ದು ಮುಂದಿನ ಹತ್ತು ವರ್ಷ. ಐನಾಪುರದ ಮನೆಯ ಪಡಸಾಲೆಯಲ್ಲಿ ಫೋಟೋ ತೂಗುತ್ತಿತ್ತು. ಕಪ್ಪು ಬಿಳುಪು, ಗಾಜಿನ ಚೌಕಟ್ಟು. ಹಿಂದೆ ಬೆಳ್ಳನೆಯ ಗುಡ್ಡಗಳು, ಮುಂದೆ ಬಾಡಿಗೆ ಕೋಟು ತೊಟ್ಟು, ಆ ಗುಡ್ಡಗಳನ್ನೆಲ್ಲ ತಾವೇ ಖರೀದಿ ಮಾಡಿದಂತೆ ನಿಂತ ಕಾಕಾ.

ಯಾರೇ ಬರಲಿ, ಫೋಟೋ ಹೊಗಳದೆ ಚಹಾ ಬರುತ್ತಿರಲಿಲ್ಲ. ರಾಯಬಾಗದ ಕಡೆಯ ಕುರಿ ಕಾಯುವವನೊಬ್ಬ ಬಹಳ ಹೊತ್ತು ನೋಡಿ, “ಅಲ್ಲಿ ಕುರಿ ಏನ್ ತಿಂತಾವ್ರಿ?” ಎಂದು ಕೇಳಿದ. ಕಾಕಾನಿಗೆ ಸಿಟ್ಟು ಬಂತು. ಆ ಫೋಟೋದ ಬಗ್ಗೆ ಯಾರಾದರೂ ಕೇಳಿದ ಏಕೈಕ ಬುದ್ಧಿವಂತ ಪ್ರಶ್ನೆ ಅದೇ ಎಂದು ನನಗೆ ಅನಿಸಿತು.

ಕಾಕಾ ಹಿಮ ನೋಡಲು ಹೋದದ್ದು ದ್ರಾಕ್ಷಿ ಬಳ್ಳಿ ಸವರುವ ಚಾಟನಿ ಹೊತ್ತಿನಲ್ಲಿ. ಬಳ್ಳಿ ಕತ್ತರಿಸುವ ಆಳುಗಳ ಬೆನ್ನು ಹತ್ತಿ ಹೊಲದಲ್ಲಿ ನಿಂತವಳು ಅವರ ಹೆಂಡತಿ, ನಮ್ಮ ಕಾಕು. “ಮುಂದಿನ ವರ್ಷ ನಿನ್ನ ಕರಕೊಂಡ ಹೋಗ್ತೀನಿ” ಎಂದಿದ್ದರು. ಪ್ರತಿ ವರ್ಷ ಅವಳು ನೆನಪಿಸುವಳು, ಪ್ರತಿ ವರ್ಷ ಅದೇ ಉತ್ತರ: “ಚಾಟನಿ ಯಾರ್ ನೋಡ್ತಾರ?”

ಪಡಸಾಲೆಯ ಆ ಗೋಡೆ ಸತ್ತ ಹಿರಿಯರದು. ಬೆಳಕು ಚೆನ್ನಾಗಿ ಬೀಳುತ್ತದೆಂದು ಕಾಕಾ ತಮ್ಮನ್ನೂ ಅದೇ ಸಾಲಿನಲ್ಲಿ ತೂಗುಹಾಕಿಕೊಂಡಿದ್ದರು. ಒಂದು ದಸರೆಗೆ ಹಿರಿಯರಿಗೆ ಚೆಂಡುಹೂವಿನ ಮಾಲೆ ಹಾಕುವ ಕೆಲಸ ನನಗೆ ಬಂತು. ಸಾಲು ತಪ್ಪಬಾರದೆಂದು ಕಾಕಾನಿಗೂ ಒಂದು ಹಾಕಿದೆ. ಬೇಕೆಂದೇ ಹಾಕಿದೆ, ಸುಳ್ಳೇಕೆ?

ಅಂದೇ ಭೋಜ ಎಂಬ ಊರಿನಿಂದ ಕಾಕಾನ ದೂರದ ಸಂಬಂಧದ ಅಕ್ಕ ಬಂದಳು. ಬಹಳ ವರ್ಷಗಳ ಮೇಲೆ ಬಂದವಳು. ಹೊಸ್ತಿಲು ದಾಟಿ ಗೋಡೆ ನೋಡಿದವಳೇ ಎದೆ ಬಡಿದುಕೊಂಡಳು. “ಅಯ್ಯ ನನ್ನ ತಮ್ಮಾ! ಯಾವಾಗ ಆತು ಬೇ? ನಮಗೊಂದ್ ಮಾತ್ ಹೇಳಿ ಕಳಸಬಾರದಾ?” ಎಂದು ಕಾಕುವನ್ನು ತಬ್ಬಿ ಅತ್ತಳು. ಅಷ್ಟರಲ್ಲಿ ಬಚ್ಚಲಿನಿಂದ ಟವೆಲ್ ಸುತ್ತಿಕೊಂಡು ತಮ್ಮನೇ ಹೊರಗೆ ಬಂದ.

ಅಕ್ಕನನ್ನು ಸಮಾಧಾನ ಮಾಡಿದ ಮೇಲೆ ಕಾಕಾ ಗುಡುಗಿದರು: “ಮೊದಲ ಆ ಫೋಟೋ ಇಳಸ್ರಿ!”

ಕಾಕು ಎಂದೂ ಎದುರಾಡಿದವಳಲ್ಲ. ಅಂದು ಆಡಿದಳು. “ಇಳಸೂದ ಯಾಕ್ರಿ? ನನ್ನೂ ಕರಕೊಂಡ ಹೋಗಿ ಜೋಡಿ ಫೋಟೋ ತಗಸ್ರಿ. ಬಾಜೂಕ ಹೆಂಡ್ತಿ ಕುಂಕುಮ ಹಚಗೊಂಡ ನಿಂತ್ರ ಯಾರೂ ಅಳಾಂಗಿಲ್ಲ.”

ಕಾಕಾ ಫೋಟೋವನ್ನೊಮ್ಮೆ, ಕಾಕುವನ್ನೊಮ್ಮೆ ನೋಡಿದರು. ಒಪ್ಪಿಯೇಬಿಟ್ಟರೆಂದು ನನ್ನ ಜೀವ ಹಿಗ್ಗಿತು. ಕೊನೆಗೆ ಎದ್ದು, ಸುತ್ತಿಗೆ ತರಿಸಿ, ಅದೇ ಫೋಟೋ ತೂಗುಹಾಕಲು ಎದುರಿನ ಗೋಡೆಗೆ ಮೊಳೆ ಹೊಡೆದರು. ಅವರು ಹತ್ತಿದ ಸ್ಟೂಲು ಅಲುಗಾಡುತ್ತಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು ನಿಂತವಳು ಕಾಕು.