ಮಹಾದೇವಿ ಕಟ್ಟಿದ ನಲವತ್ತೊಂದು ಮನೆಗಳು

ಮೂರು ತಿಂಗಳಿಗೊಮ್ಮೆ ದೇಶದಲ್ಲಿ ಎಷ್ಟು ಹೊಸ ಮನೆಗಳಾದವು ಎಂದು ಲೆಕ್ಕ ಹಾಕುವ ಸಮೀಕ್ಷೆಯಲ್ಲಿ ನಾನು ಗುತ್ತಿಗೆಯ ಎಣಿಕೆದಾರಳು. ಹೆಸರು ಧನಲಕ್ಷ್ಮಿ, ಊರು ಬಾಗಲಗುಂಟೆ. ನಮ್ಮಜ್ಜಿ ಹುರುಳಿ ಬಿತ್ತುತ್ತಿದ್ದ ಹೊಲದ ಮೇಲೆ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳು ನಿಂತಿವೆ. ಅವನ್ನೂ ನಾನೇ ಎಣಿಸಿದ್ದೇನೆ. ಮನೆ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಮಹಾದೇವಿ ಸಿಕ್ಕುವ ತನಕ.

ಪೀಣ್ಯದ ಒಂದು ಶೆಡ್ಡಿನಲ್ಲಿ ಮನೆಗಳನ್ನೇ ತಯಾರಿಸುತ್ತಾರೆ. ಕಬ್ಬಿಣದ ಚೌಕಟ್ಟು, ಗೋಡೆಯ ಹಲಗೆ, ವೈರಿಂಗು, ಬಚ್ಚಲ ನಲ್ಲಿ ಎಲ್ಲವನ್ನೂ ಅಲ್ಲೇ ಜೋಡಿಸಿ, ಲಾರಿಗೆ ಏರಿಸಿ ಕಳಿಸುತ್ತಾರೆ. ಮೊದಲ ಸಲ ಹೋದಾಗ ನಾನು ಗೇಟಿನ ರಿಜಿಸ್ಟರ್ ತರಿಸಿ, ಯುಗಾದಿಯಿಂದ ಈಚೆಗೆ ಹೊರಗೆ ಹೋದ ಲಾರಿಗಳನ್ನು ಎಣಿಸಿ, ಎಂಬತ್ತಾರು ಮನೆ ಎಂದು ಬರೆದುಕೊಂಡೆ. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ಬಾಗಿಲಿಗೆ ತಿರುಪು ಹಾಕುತ್ತಿದ್ದ ಹೆಂಗಸು ತಲೆ ಎತ್ತಿದಳು. ಅವಳೇ ಮಹಾದೇವಿ.

“ಮೇಡಂ, ತಪ್ಪ್ ಬರಕೊಂಡೀರಿ. ಒಂದ್ ಮನಿ ಎರಡ್ ಹೋಳಾಗಿ ಹೋಗತೈತ್ರಿ. ದೊಡ್ಡದಿದ್ರ ಮೂರು. ನೀವ್ ಲಾರಿ ಎಣಿಸೀರಿ, ಮನಿ ಎಣಿಸಿಲ್ಲ.”

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ಹಂಗಾದ್ರೆ ಎಷ್ಟು ಅಂತ ನೀವೇ ಹೇಳ್ರೀ,” ಎಂದು ಸಿಡುಕಿದೆ.

ಅವಳು ಎದ್ದು ಹೋಗಿ ಗೋಡೆ ತೋರಿಸಿದಳು. ಸಾಲುಸಾಲು ಕುಂಕುಮದ ಬೊಟ್ಟು. ಮನೆ ಎಷ್ಟು ಹೋಳಾದರೂ ತಲೆಬಾಗಿಲು ಒಂದೇ ತಾನೆ? ಅದರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡದೆ ಮಹಾದೇವಿ ಯಾವ ಮನೆಯನ್ನೂ ಶೆಡ್ಡಿನಿಂದ ಹೊರಗೆ ಬಿಡುತ್ತಿರಲಿಲ್ಲ. ಇಟ್ಟ ಮೇಲೆ ಬೆರಳಲ್ಲಿ ಉಳಿದದ್ದನ್ನು ಗೋಡೆಗೆ ಒತ್ತುತ್ತಿದ್ದಳು. ಯುಗಾದಿಯಿಂದ ಈಚಿನ ಸಾಲುಗಳಲ್ಲಿ ನಲವತ್ತೊಂದು ಬೊಟ್ಟುಗಳಿದ್ದವು. ಮ್ಯಾನೇಜರ್ ಪುಸ್ತಕದಲ್ಲಿ ಎಷ್ಟು ಟನ್ನು ಕಬ್ಬಿಣ ಎಂದಿತ್ತೇ ಹೊರತು ಎಷ್ಟು ಮನೆ ಎಂದಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ಗಂಡಸರಿಗಷ್ಟೇ ಹೇಳಿದ ಮಾತಲ್ಲ ಎಂದು ಒಪ್ಪಿಕೊಂಡು, ಎಂಬತ್ತಾರನ್ನು ಹೊಡೆದುಹಾಕಿದೆ.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಅವಳನ್ನು ಮಾತಾಡಿಸತೊಡಗಿದೆ. ಲಿಂಗಸುಗೂರು ಕಡೆಯವಳು. ಗಂಡ ಮುತ್ತಣ್ಣನ ಜೊತೆ ಗಾರೆ ಕೆಲಸಕ್ಕೆ ಬಂದು, ಹನ್ನೊಂದು ವರ್ಷ ತಲೆಯ ಮೇಲೆ ಕಾಂಕ್ರೀಟ್ ಬಾಂಡ್ಲಿ ಹೊತ್ತವಳು. ಕುತ್ತಿಗೆ ನೋವು ತಡೆಯಲಾರದೆ ಶೆಡ್ಡು ಸೇರಿದಳು. ಬಾಗಿಲು ಕಿಟಕಿ ಕೂರಿಸುವುದನ್ನು ನೋಡಿ ನೋಡಿಯೇ ಕಲಿತಳು. ಊರಿನಲ್ಲಿರುವ ತಾಯಿ ಹೊಳೆವ್ವನಿಗೆ ಫೋನಿನಲ್ಲಿ “ಮನಿ ಕಟ್ಟಾಕತ್ತೀನಿ” ಎಂದರೆ, ಆ ಮುದುಕಿ ನಗುತ್ತಿದ್ದಳಂತೆ: “ಮಣ್ಣಿಲ್ದ, ಬುನಾದಿ ಇಲ್ದ, ನೆರಳಾಗ ನಿಂತ್ ಕಟ್ಟೂದು ಎಂಥಾ ಮನೀನ? ಡಬ್ಬಿ ಮಾಡಾಕತ್ತೀನಿ ಅನ್ನು.”

ನಮ್ಮ ಕಚೇರಿಯ ರಾಜೇಂದ್ರ ಸಾರ್ ಹೊಳೆವ್ವನನ್ನು ಕಂಡವರಲ್ಲ. ಆದರೂ ನಾನು ನಲವತ್ತೊಂದು ಮನೆಯ ಲೆಕ್ಕ ಒಪ್ಪಿಸಿದಾಗ ಅದೇ ಮಾತು ಹೇಳಿದರು.

“ನೆಲದ ಮೇಲೆ ನಿಂತ್ರೆ ಮನೆ, ಶೆಡ್ಡಲ್ಲಿದ್ರೆ ಮಾಲು ಕಣಮ್ಮ. ಇದು ಕಾರ್ಖಾನೆ ಪಟ್ಟಿಗೆ ಹೋಗುತ್ತೆ.”

“ಹೋಗಿ ನಿಲ್ಲೋದು ನೆಲದ ಮೇಲೇ ಅಲ್ವಾ ಸಾರ್?”

“ಎಲ್ಲಿ ನಿಂತಿದೆ, ಯಾರಿದ್ದಾರೆ? ಸಂಸಾರ ನಡೀತಿರೋ ಒಂದೇ ಒಂದು ಮನೆ ನೋಡ್ಕೊಂಡ್ ಬಾ. ಫಾರಂನಲ್ಲಿ ಇಂಥ ಮನೆಗೆ ಹೊಸ ಕಾಲಂ ಹಾಕ್ಸೋದು ನನ್ನ ಜವಾಬ್ದಾರಿ.”

ಇದನ್ನು ಮಹಾದೇವಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. “ಮಾಲು ಅಂದ್ರ?” ಎಂದು ಮೆಲ್ಲಗೆ ಕೇಳಿ, ಮತ್ತೆ ತಿರುಪು ಹಾಕತೊಡಗಿದಳು. ತನ್ನ ಕೈಯಿಂದ ಹೋದ ಒಂದು ಮನೆಯೂ ಎಲ್ಲಾದರೂ ನಿಂತದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

ಮ್ಯಾನೇಜರನ್ನು ಕಾಡಿ ಎರಡು ವಿಳಾಸ ಪಡೆದು, ಭಾನುವಾರ ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಅವಳು ಮದುವೆ ಮನೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ನೆಲಮಂಗಲದ ಆಚೆ ಇಳಿದು ನೋಡಿದರೆ, ಮೊದಲನೆಯದು ಯಾವುದೋ ಬಡಾವಣೆಯ ಸೈಟು ಮಾರುವ ಆಫೀಸು. ಒಳಗೆ ಎಸಿ, ಮೇಜು, ಟೈ ಕಟ್ಟಿದ ಹುಡುಗ. ಮಹಾದೇವಿ ಒಳಗೆ ಕಾಲಿಡಲಿಲ್ಲ. “ನಮ್ಮವ್ವ ಹೇಳಿದ್ದ ಖರೆ ಬಿಡ್ರಿ ಮೇಡಂ. ಹೊಳ್ಳಿ ಹೋಗೂಣು,” ಎಂದಳು. ಇನ್ನೊಂದು ಬಾಕಿ ಇದೆ ಎಂದು ಗದರಿಸಿ ಕರೆದೊಯ್ದೆ. ನನಗೂ ಒಳಗೊಳಗೇ ಭಯವಾಗಿತ್ತು.

ಎರಡನೆಯದು ಕುದೂರಿನ ಹತ್ತಿರ. ಹಳೆ ಮನೆಯ ಗೋಡೆ ಕುಸಿದ ಮೇಲೆ ರಾಮಮ್ಮ ಎಂಬ ಮುದುಕಿ ತರಿಸಿಕೊಂಡ ಮನೆ. ಅಂಗಳದ ಹಗ್ಗದಲ್ಲಿ ಕೂಸಿನ ಬಟ್ಟೆ ಒಣಗುತ್ತಿತ್ತು. ಜಗಲಿಯಲ್ಲಿ ಮಗ ಅವರೆಕಾಯಿ ಸುಲಿಯುತ್ತಿದ್ದ. ಒಳಗಿನಿಂದ ಬಾಣಂತಿ ಸೊಸೆ ಇಣುಕಿದಳು. ಮಹಾದೇವಿ ಅಂಗಳದಲ್ಲೇ ನಿಂತು, ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಹೊರಗೆ ಬಂದ ರಾಮಮ್ಮನ ಮುಂದೆ ನಾನು ಫಾರಂ ಬಿಚ್ಚಿದೆ.

“ಮನೆ ಕಟ್ಟಿದ್ದು ಯಾರು ಅಜ್ಜಿ?”

“ಯಾರೋ ಏನೋ ಕಣವ್ವ, ಲಾರೀಲಿ ಬಂತು. ಆದ್ರೆ ಆ ಬಚ್ಚಲ ಬಾಗ್ಲು ಕೂರ್ಸ್ದೋನು ಕೈಗೆ ಸಿಕ್ರೆ ಕಿವಿ ಇಂಡ್ಬಿಡ್ತೀನಿ. ಮಳೆ ಬಂದ್ರೆ ಬಿಗ್ಯಾಯ್ತದೆ. ಬಾಣಂತಿ ಒಳೀಕೋಗಿ ಸಿಗಾಕ್ಕೊಂಬಿಟ್ಟಿದ್ಲು!”

ಮಹಾದೇವಿ ಎರಡು ಹೆಜ್ಜೆ ಮುಂದೆ ಬಂದಳು.

“ನಾನ್ರಿ ಯವ್ವಾ. ಆ ಬಾಗಲಾ ಕೂಡ್ಸಿದಾಕಿ ನಾನ. ಈ ಮನಿ ನಾವ ಕಟ್ಟೇವ್ರಿ.”

ಬೈಸಿಕೊಂಡು ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡೇ ನಗುತ್ತಿದ್ದಳು. ಇಷ್ಟು ವರ್ಷದಲ್ಲಿ ಮನೆಯವರೊಬ್ಬರು ಅವಳ ಕೆಲಸವನ್ನು ಬೈದದ್ದು ಅದೇ ಮೊದಲು. ಮಾಲನ್ನು ಯಾರು ಹೀಗೆ ಬೈಯುತ್ತಾರೆ?

ರಾಮಮ್ಮ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಒಳಗೆ ಹೋಗಿ ತಿಂಗಳ ಕೂಸನ್ನು ತಂದು ಅವಳ ಕೈಗಿಟ್ಟಳು.

“ಇಡ್ಕೊ. ಆಸ್ಪತ್ರೆಯಿಂದ ಸೀದಾ ಈ ಮನೇಗೇ ತಂದ್ವಿ. ಬಾಗ್ಲು ಆಮೇಲ್ ಸರಿಮಾಡೀವಂತೆ, ಮೊದ್ಲು ಉಣ್ಣು.”

ನಾನು ಮನೆ ಒಂದು ಎಂದು ಬರೆದೆ. ವಾಸವಿರುವವರು ಎಷ್ಟು ಜನ ಎಂಬ ಜಾಗ ಇನ್ನೂ ಖಾಲಿ ಇತ್ತು. ನಾನು ಜಗಲಿಯತ್ತ ನೋಡಿ ಎಣಿಸುತ್ತಿದ್ದಾಗ, ಕೂಸಿನ ಮುಖದಿಂದ ಕಣ್ಣು ತೆಗೆಯದೆಯೇ ಮಹಾದೇವಿ ಹೇಳಿದಳು:

“ಇದನ್ನ ಬಿಡಬ್ಯಾಡ್ರಿ ಮೇಡಂ. ನಾಕ್ ಮಂದಿ ಅಂತ ಬರಕೊಳ್ರಿ.”