ಅವನನ್ನು ಒಳ್ಳೆಯವನನ್ನಾಗಿ ಮಾಡಿ

ನಾಲ್ಕು ವರ್ಷದ ಹಿಂದಿನ ಮಾತು. ಒಂದು ಧಾರಾವಾಹಿಗೆ ನಾನು ಸಂಭಾಷಣೆ ಬರೆಯುತ್ತಿದ್ದೆ. ಗವಿಪುರದ ಮನೆಯಲ್ಲಿ ಬೆಳಿಗ್ಗೆ ಬರೆದ ದೃಶ್ಯ ಮಧ್ಯಾಹ್ನ ಚಾಮರಾಜಪೇಟೆಯ ಹಳೇ ಮನೆಯೊಂದರಲ್ಲಿ ಶೂಟ್ ಆಗಿ, ಮಾರನೇ ದಿನವೇ ಪ್ರಸಾರವಾಗುತ್ತಿತ್ತು. ಕಥೆಯ ಗಂಡ ಕೆಟ್ಟವನು. ಹಬ್ಬದ ದಿನ ನೆಂಟರೆದುರಿಗೇ ಹೆಂಡತಿಯ ಕೆನ್ನೆಗೆ ಬಾರಿಸಿದ್ದ. ಅವಳು ತವರಿಗೆ ಹೋಗಿದ್ದಳು. ಆದರೆ ಆ ನಟ ಸ್ಫುರದ್ರೂಪಿ, ಟಿಆರ್‌ಪಿ ಏರಿತು. ಅವನನ್ನು ‘ಪಾಸಿಟಿವ್’ ಮಾಡಿ ಎಂದು ಚಾನೆಲ್ಲಿನಿಂದ ಅಪ್ಪಣೆ ಬಂತು. ನಮ್ಮ ಕಸುಬಿನಲ್ಲಿ ಹಾಗೆಂದರೆ ಖಳನನ್ನು ನಾಯಕನಾಗಿ ತಿರುಗಿಸುವುದು.

“ಒಂದ್ ಆಕ್ಸಿಡೆಂಟ್ ಮಾಡ್ಸಿ ಮೇಡಂ. ಐಸಿಯು ಮುಂದೆ ಅವಳೇ ಕ್ಷಮೆ ಕೇಳ್ಲಿ. ಜನ ಅತ್ತುಬಿಡ್ತಾರೆ,” ಎಂದ ಚಾನೆಲ್ಲಿನವನು.

ಹೊಡೆಸಿಕೊಂಡವಳು ಕ್ಷಮೆ ಕೇಳಬೇಕಂತೆ! ಮೈಯೆಲ್ಲ ಉರಿದುಹೋಯಿತು.

ಆ ಉರಿಗೆ ಇನ್ನೊಂದು ಕಾರಣವಿತ್ತು. ನಮ್ಮ ಮಹಡಿ ಮನೆಯ ಸರೋಜಮ್ಮನ ಮಗಳು ಸಹನಾ, ಅತ್ತೆ ಮಾವನ ಎದುರಿಗೇ ಗಂಡನಿಂದ ಏಟು ತಿಂದು ತವರಿಗೆ ಬಂದಿದ್ದಳು. ತಾಯಿ ಮಗಳಿಬ್ಬರೂ ನಮ್ಮ ಧಾರಾವಾಹಿ ತಪ್ಪಿಸುತ್ತಿರಲಿಲ್ಲ. ಸರೋಜಮ್ಮ ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುತ್ತಾ ನನ್ನನ್ನು ಹಿಡಿದುಕೊಂಡರು. “ನಿಮ್ಮ ಸೀರಿಯಲ್‌ನವನು ಸರಿಹೋಗ್ತಾನೆ ತಾನೇ? ಅದನ್ನ ನೋಡಿದ್ರೆ ಇವಳಿಗೂ ಧೈರ್ಯ ಬರುತ್ತೆ. ಭಾನುವಾರ ಅಳಿಯಂದ್ರು ಬರ್ತಿದಾರೆ, ಕಳಿಸ್ಕೊಡ್ತಿದೀವಿ.”

ನಾನು ಆಕ್ಸಿಡೆಂಟ್ ಬರೆಯಲಿಲ್ಲ. ಹೊಡೆದ ಅದೇ ಹಜಾರದಲ್ಲಿ, ಅದೇ ನೆಂಟರ ಮುಂದೆ ಗಂಡ ಹೇಳಬೇಕು: “ನಾನು ಕುಡಿದಿರಲಿಲ್ಲ. ಕೈತಪ್ಪಿ ಬಿದ್ದ ಏಟಲ್ಲ. ಹೆದರಲಿ ಅಂತಾನೇ ಹೊಡೆದೆ.” ಸೆಟ್ಟಿನಲ್ಲಿ ಅದನ್ನು ಓದಿದ ನಟ ಮುಖ ಸಿಂಡರಿಸಿದ.

“ಇದನ್ನ ಹೇಳಿದ್ರೆ ನಾನು ಹೀರೋ ಆಗ್ತೀನಾ ಮೇಡಂ?”

“ಹೇಳದೆ ಹೇಗಪ್ಪಾ ಆಗ್ತೀಯ?”

ಅವನು ಮೇಕಪ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಿರ್ದೇಶಕರು ಚಾನೆಲ್ಲಿಗೆ ಫೋನ್ ಮಾಡಿದರು. ಸಂಜೆಯೊಳಗೆ ಬೇರೆಯವರು ಐಸಿಯು ದೃಶ್ಯ ಬರೆದುಕೊಟ್ಟರು; ನನಗೆ ಗೇಟ್‌ಪಾಸ್.

ಮಾರನೇ ದಿನ ಪ್ರಸಾರದ ಹೊತ್ತಿಗೆ ಮಹಡಿ ಹತ್ತಿದೆ. ಟೀವಿಯಲ್ಲಿ ಹೆಂಡತಿ ಗಂಡನ ಕಾಲು ಹಿಡಿದು ಗೋಳೋ ಎನ್ನುತ್ತಿದ್ದಳು, ಸರೋಜಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು. “ಥೂ, ಇದು ನಾನು ಬರೆದಿದ್ದಲ್ಲ,” ಎಂದು ನನ್ನ ದೃಶ್ಯವನ್ನು ಬಾಯಲ್ಲೇ ಹೇಳಿದೆ. ಸರೋಜಮ್ಮನಿಗೆ ಸಿಟ್ಟು ಬಂತು. ಸಹನಾ ಟೀವಿಯ ದನಿ ತಗ್ಗಿಸಿ ಕೇಳಿಸಿಕೊಂಡಳು.

ಭಾನುವಾರ ಸಹನಾಳ ಗಂಡ, ಅತ್ತೆ ಹಣ್ಣು ಹಿಡಿದು ಬಂದರು; ನಾನೂ ಅಲ್ಲಿದ್ದೆ. ಕಾಫಿಯಾಯಿತು. ಚೀಲ ಹಿಡಿದು ಹೊರಡಬೇಕಾದ ಸಹನಾ ನಿಂತಲ್ಲೇ ನಿಂತಳು. “ನಿಮ್ಮಮ್ಮನ ಮುಂದೆ ಹೊಡೆದ್ರಿ. ಯಾಕೆ ಹೊಡೆದ್ರಿ ಅಂತ ಅವರ ಮುಂದೇನೇ ಹೇಳಿ, ಬರೋ ವಿಚಾರ ಆಮೇಲೆ,” ಎಂದಳು.

ಅವನು ಅಮ್ಮನ ಮುಖ ನೋಡಿದ. “ಟೀವಿ ನೋಡಿ ಕೆಟ್ಟಿದಾಳೆ,” ಎಂದು ಆಕೆ ಮಗನನ್ನು ಎಬ್ಬಿಸಿಕೊಂಡು ಹೋದರು. ಸಹನಾ ಹೋಗಲಿಲ್ಲ.

ಕೆಟ್ಟವನು ತಿದ್ದಿಕೊಳ್ಳಬಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಅದಕ್ಕೆ ಆಸ್ಪತ್ರೆಯ ಮಂಚ ಬೇಡ, ಹೆಂಡತಿಯ ಕಣ್ಣೀರು ಬೇಡ. ಮಾಡಿದ್ದನ್ನು ತನ್ನ ಬಾಯಲ್ಲೇ ಹೇಳಿದರೆ ಮೊದಲ ಹೆಜ್ಜೆಯಾಯಿತು. ನಾನು ಕಂಡ ಇಬ್ಬರಿಗೂ ಅಷ್ಟು ಬಾಯಿ ಬರಲಿಲ್ಲ. ಅವರಲ್ಲಿ ಒಬ್ಬನಿಗೆ ಅದನ್ನು ಹೇಳಲು ಸಂಬಳ ಬೇರೆ ಕೊಡುತ್ತಿದ್ದರು.