ಹೆಪ್ಪು ಕೇಳಿ ಆರಿಸಿದ ಮನೆ

ಬಾಳೆಲೆ ಎಂಬ ಊರಿನ ಆ ಮನೆಯಂಗಳದಲ್ಲಿ ನಾನೂ ಯಜಮಾನರೂ ಜಗಳವಾಡುತ್ತಿದ್ದೆವು. ಮೈಸೂರು ಬಿಟ್ಟು ಬಂದು ನೆಲೆಸಲು ನಾವು ನೋಡಿದ ಐದನೇ ಮನೆ ಅದು. ಶಾಲೆ ಹತ್ತಿರವಿದೆ ಎಂದು ನನ್ನ ವಾದ. ಬಾವಿಕಟ್ಟೆ ಹತ್ತಿದರೆ ಮಾತ್ರ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ಅವರದು. ಅಷ್ಟರಲ್ಲಿ ಕಾರಿನಲ್ಲೇ ಕೂತಿದ್ದಾರೆಂದು ನಾವಂದುಕೊಂಡಿದ್ದ ಅತ್ತೆ ಪಕ್ಕದ ಮನೆಯಿಂದ ಸ್ಟೀಲ್ ಬಟ್ಟಲು ಹಿಡಿದು, ತುಳುಕದಂತೆ ಹೆಜ್ಜೆಯಿಡುತ್ತ ಬಂದರು. ಬಟ್ಟಲಲ್ಲಿ ಮೊಸರು!

“ಹೆಪ್ಪಿಗೆ ಕೇಳಿದೆ, ಕೊಟ್ರು.”

“ಅಮ್ಮಾ, ಮನೆಯೇ ಇನ್ನೂ ಗೊತ್ತುಮಾಡಿಲ್ಲ, ಹೆಪ್ಪು ಯಾತಕ್ಕೆ?” ಎಂದು ಯಜಮಾನರು ಹಣೆ ಚಚ್ಚಿಕೊಂಡರು.

“ಹಿಂದಿನ ನಾಲ್ಕು ಕಡೆಯೂ ಪಕ್ಕದ ಮನೇಲಿ ಕೇಳಿದ್ದೆ ಕಣೋ. ಎಲ್ಲರೂ ಮೊದಲು ‘ನೀವ್ಯಾರು’ ಅಂದ್ರು. ಇವರೊಬ್ರೇ ‘ಎಷ್ಟು ಹಾಲಿಗೆ’ ಅಂದಿದ್ದು.”

ಬೇಲಿಯಾಚೆಯಿಂದ ಪಕ್ಕದ ಮನೆಯವರು ಕೂಗಿದರು: “ಬಟ್ಟಲಿಗೆ ಅರ್ಜೆಂಟಿಲ್ಲ ಅಮ್ಮಾ, ಒಕ್ಕಲು ಬಂದ್ಮೇಲೆ ಕೊಟ್ರೆ ಸಾಕು!”

ಯಜಮಾನರು ಬಾವಿಕಟ್ಟೆ ಹತ್ತಿ ಮನೆಯ ಮಾಲೀಕರಿಗೆ ಫೋನ್ ಮಾಡಿದರು.

ಒಕ್ಕಲು ಬಂದ ಮೇಲೆ, ಖಾಲಿ ಬಟ್ಟಲು ಹಿಂದಿರುಗಿಸಬಾರದೆಂದು ಅತ್ತೆ ಅದರಲ್ಲಿ ಪುಳಿಯೋಗರೆ ತುಂಬಿ ಕೊಟ್ಟರು. ಅದು ಕಾಡುಮಾವಿನ ಉಪ್ಪಿನಕಾಯಿ ತುಂಬಿಕೊಂಡು ವಾಪಸ್ ಬಂತು. ಎರಡು ವರ್ಷವಾಯಿತು, ಹೋಗುತ್ತಾ ಬರುತ್ತಲೇ ಇದೆ. ಅದು ಯಾರ ಮನೆಯ ಬಟ್ಟಲೆಂದು ಈಗ ಮಕ್ಕಳನ್ನು ಕೇಳಿದರೆ, “ನಮ್ಮದೇ” ಎನ್ನುತ್ತಾರೆ, ಎರಡೂ ಮನೆಯವರು.